‘ಡ್ರೈ ಸೋಲ್ಡರ್’ಗೆ ‘ಒಣ ಬೆಸುಗೆ’ ಎನ್ನುವುದು ಸರಿಯೇ?

ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳ ದುರಸ್ತಿಯ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ‘ಡ್ರೈ ಸೋಲ್ಡರ್’, ಅಂದರೆ ಬೋರ್ಡಿನಲ್ಲಿ ಬಿಡಿಭಾಗದ ಲೋಹದ ಕಾಲನ್ನು ಸರಿಯಾಗಿ ಹಿಡಿದಿರದ ಬೆಸುಗೆ, ಎಂಬಲ್ಲಿಗೆ ಬಂದು ನಿಂತಿದ್ದೇನೆ. ‘ಒಣ ಬೆಸುಗೆ’ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ. ಅಲ್ಲಿ ಒಣಗುವಂಥದ್ದು ಏನೂ ಇಲ್ಲ.

ಕಳೆದ ವಾರ ಕೈಗೆ ಬಂದ 15 ಇಂಚಿನ ಮಾನಿಟರನ್ನೇ ನೋಡಿ. ಪರದೆಯೆಲ್ಲ ಕತ್ತಲು, ನಡುವೆ ಅಡ್ಡಲಾಗಿ ಒಂದೇ ಒಂದು ಬಿಳಿ ಗೆರೆ. ಪರದೆಯ ಮೇಲೆ ಚಿತ್ರ ಬರೆಯುವ ಎಲೆಕ್ಟ್ರಾನ್ ಕಿರಣ ಎಡಬಲಕ್ಕೆ ಓಡುತ್ತಿದೆ, ಮೇಲೆ ಕೆಳಗೆ ಹೋಗುತ್ತಿಲ್ಲ ಎಂದರ್ಥ. ಸೆಕೆಂಡಿಗೆ 60 ಬಾರಿ, ಕೆಲವೊಮ್ಮೆ 85 ಬಾರಿ ಅದನ್ನು ಮೇಲಿನಿಂದ ಕೆಳಕ್ಕೆ ಇಳಿಸಬೇಕಾದ ವರ್ಟಿಕಲ್ ಐಸಿ ಎಂಬ ಚಿಪ್ಪಿನ ಕಡೆಯಲ್ಲೇ ದೋಷ. ಬದಿಗೆ ಮೆಲ್ಲಗೆ ತಟ್ಟಿದರೆ ಚಿತ್ರ ಅರಳುತ್ತಿತ್ತು, ಮತ್ತೆ ಮಡಚಿಕೊಳ್ಳುತ್ತಿತ್ತು. ತಟ್ಟಿದರೆ ಬರುತ್ತದೆ ಎಂದ ಮೇಲೆ ಐಸಿ ಸತ್ತಿರಲಾರದು. ಮೊದಲು ಟ್ಯೂಬಿನಲ್ಲಿ ಉಳಿದ ವಿದ್ಯುತ್ತನ್ನು ಇಳಿಸಿದೆ (ಆ್ಯನೋಡ್ ಎಂಬ ಅದರ ಧನ ತುದಿಯಲ್ಲಿ ಸುಮಾರು 25,000 ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಉಳಿದಿರಬಹುದು). ಬೋರ್ಡನ್ನು ಮಗುಚಿ ಭೂತಗನ್ನಡಿ ಹಿಡಿದಾಗ ಐಸಿಯ ಒಂದು ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಉಂಗುರ ಕಂಡಿತು. ದಿನವೂ ಕಾದು ಆರಿ, ಹಿಗ್ಗಿ ಕುಗ್ಗಿ, ಬೆಸುಗೆ ಆ ಕಾಲನ್ನು ಬಿಟ್ಟಿತ್ತು. ಹಳೆಯದನ್ನು ತೆಗೆದು ಹೊಸದಾಗಿ ಬೆಸೆದೆ, ಚಿತ್ರ ನಿಂತಿತು.

ರಿಪೇರಿಯವರು ‘ಡ್ರೈ ಆಗಿದೆ’ ಎನ್ನುತ್ತಾರೆ, ಇಲ್ಲವೇ ‘ಸೋಲ್ಡರ್ ಬಿಟ್ಟಿದೆ’. ಎರಡನೆಯ ಮಾತಿನಲ್ಲಿ ನಮ್ಮ ‘ಬಿಡು’ ಎಷ್ಟು ಸಹಜವಾಗಿ ಕೂತಿದೆ! ಹೊಲಿಗೆ ಬಿಡುತ್ತದೆ, ಅಂಟು ಬಿಡುತ್ತದೆ, ಹಾಗೆಯೇ ಬೆಸುಗೆಯೂ. ಆದ್ದರಿಂದ ‘ಬಿಟ್ಟ ಬೆಸುಗೆ’ ನನಗೆ ಹಿಡಿಸಿದೆ.

ತೊಡಕೊಂದಿದೆ. ಕಾವು ಸಾಲದೆಯೋ, ಕಾಲಿಗೆ ಹಿಡಿದ ಕಿಲುಬಿನಿಂದಲೋ, ಬೆಸುಗೆ ಮೊದಲಿನಿಂದಲೂ ಕಚ್ಚಿಕೊಳ್ಳದೆ ಇರುವುದುಂಟು. ಅದನ್ನೂ ‘ಡ್ರೈ’ ಎಂದೇ ಕರೆಯುತ್ತಾರೆ. ಹಿಡಿದೇ ಇರದದ್ದು ಬಿಡುವುದು ಹೇಗೆ? ಅದಕ್ಕೆ ‘ಹುಸಿ ಬೆಸುಗೆ’ ಎನ್ನಬಹುದೆಂದು ನನ್ನ ಯೋಚನೆ. ಹುಸಿನಗೆ, ಹುಸಿಮುನಿಸುಗಳಂತೆ ನೋಟಕ್ಕೆ ಉಂಟು, ಒಳಗಿಲ್ಲ. ಎರಡಕ್ಕೂ ಬೇರೆ ಬೇರೆ ಪದವಿರಲಿ ಎಂಬ ಪಕ್ಷ ನನ್ನದು, ಏಕೆಂದರೆ ಹುಡುಕುವ ದಾರಿಯೇ ಬೇರೆ: ಬಿಟ್ಟದ್ದನ್ನು ಬಿಸಿಯಾಗುವ, ಭಾರವಾದ ಭಾಗಗಳ ಬುಡದಲ್ಲಿ ಮೊದಲು ನೋಡಬೇಕು, ಹುಸಿಯದು ಎಲ್ಲಿ ಬೇಕಾದರೂ ಇದ್ದೀತು.

ಬೆಸುಗೆ ಎಂಬುದು ಅಕ್ಕಸಾಲಿಗರೂ ಕಂಚುಗಾರರೂ ಆಡುತ್ತ ಬಂದ ಮಾತು. ಕಚ್ಚಿಕೊಳ್ಳದ ಬೆಸುಗೆಗೆ ಅವರಲ್ಲಿ ಬೇರೆ ಹೆಸರು ರೂಢಿಯಲ್ಲಿದೆಯೇ? ಆ ಕಸುಬಿನ ಮನೆಯವರು, ಕೇಳಿ ಬಲ್ಲವರು ದಯವಿಟ್ಟು ಬರೆಯಿರಿ. ಯಾವ ಸೀಮೆಯ ಮಾತೆಂಬುದನ್ನೂ ಸೇರಿಸಿ.