150 ಎಂಎಂ ಬೀಡಿನ (ಕ್ಯಾಸ್ಟ್ ಐರನ್) ಫ್ಲೈವೀಲ್, ಒಂದೇ ಪೀಸ್ ಎರಕ ಹೊಯ್ಸೋದು ಎಲ್ಲಿ?

ದಾವಣಗೆರೆ_ಮಾಡೆಲ್

ಎಲ್ರಿಗೂ ನಮಸ್ಕಾರ. ಹಳೇ ಗಿರಣಿಗಳಲ್ಲಿ ಇರ್ತಿತ್ತಲ್ಲ ಅಂಥ ಮಲಗಿರೋ ಸ್ಟೀಮ್ ಎಂಜಿನ್ನಿನ ಮಾಡೆಲ್ ಮಾಡ್ತಾ ಇದೀನಿ, ಬೋರ್ (ಸಿಲಿಂಡರ್ ಒಳ ಡಯಾ) 25, ಸ್ಟ್ರೋಕ್ (ಪಿಸ್ಟನ್ ಓಡಾಟ) 40 ಎಂಎಂ. ಸಿಲಿಂಡರ್ ಗನ್‌ಮೆಟಲ್ ರಾಡಲ್ಲೇ ಮಾಡಿದೆ, ಕ್ರ್ಯಾಂಕ್ ಶಾಫ್ಟ್ ಆಯ್ತು, ಬೆಡ್ಡೂ ಆಯ್ತು, ಈಗ ಎಲ್ಲಾ ನಿಂತಿರೋದು ಫ್ಲೈವೀಲಿಗೆ, ಅಂದ್ರೆ ಓಟ ಸಮವಾಗಿಡೋ ಭಾರದ ಚಕ್ರಕ್ಕೆ. ಹೊರಗಿನ ಡಯಾ 150, ಅಗಲ 25, ರಿಮ್ ದಪ್ಪ 15, ನೇರ ಸ್ಪೋಕ್ ಆರು, ಶಾಫ್ಟ್ 12 ಎಂಎಂ. ನಂಗೆ ಬೀಡಿನದೇ ಬೇಕು, ಆ ಸ್ಪೋಕು ರಿಮ್ಮಿಗೆ ಸೇರೋ ಜಾಗದಲ್ಲಿ ಎರಕದ್ದೇ ಒಂದು ತಿರುವು ಇರುತ್ತಲ್ಲ, ಅದಿಲ್ದೆ ಇದ್ರೆ ಎಂಜಿನ್ ನೋಡೋಕೆ ಆಟದ ಸಾಮಾನು ತರ ಕಾಣುತ್ತೆ.

ಇಲ್ಲಿ ಒಂದು ಫೌಂಡ್ರಿಗೆ ಹೋಗಿ ಕೇಳಿದ್ರೆ ಒಂದು ಪೀಸೆಲ್ಲಾ ಮಾಡಲ್ಲ ಅಂತ ಡ್ರಾಯಿಂಗೂ ನೋಡ್ದೆ ಕಳ್ಸಿದ್ರು. ಅಲ್ಯೂಮಿನಿಯಂ ಹೊಯ್ಯೋರು ಬೇಕಾದಷ್ಟು ಜನ ಇದಾರೆ, ಅದ್ರಲ್ಲಿ ಮಾಡಿಸ್ಲಾ? ಬೀಡೇ ಆದ್ರೆ ಎಲ್ಲಿಗೆ ಹೋಗ್ಬೇಕು, ಏನು ತಗೊಂಡು ಹೋಗ್ಬೇಕು? ಲೇತ್ ಚಿಂತೆ ಇಲ್ಲ, ಮಾವನ ವರ್ಕ್‌ಶಾಪಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಹಳೇ ಲೇತ್ ಇದೆ, ಇನ್ನೂ ಗಟ್ಟಿಯಾಗಿದೆ.

ಪೀಣ್ಯ_ಫಿಟ್ಟರ್

ಅಲ್ಯೂಮಿನಿಯಂ ಮಾತ್ರ ಬೇಡ ಸರ್. ಲೆಕ್ಕ ಹಾಕಿ ನೋಡಿ, ನಿಮ್ಮ ರಿಮ್ ಒಂದೇ ಸುಮಾರು 159 ಸಿಸಿ ಬರುತ್ತೆ, ಬೀಡಲ್ಲಿ ಅದು 1.15 ಕೆಜಿ, ಅಲ್ಯೂಮಿನಿಯಮ್ಮಲ್ಲಿ 430 ಗ್ರಾಂ. ಫ್ಲೈವೀಲ್ ಕೆಲಸ ಮಾಡೋದೇ ರಿಮ್ಮಿನ ತೂಕದಿಂದ, ಅದನ್ನ ಮೂರನೇ ಒಂದು ಭಾಗಕ್ಕೆ ಇಳಿಸಿದ್ರೆ ನಿಮ್ಮ ಒಂದೇ ಸಿಲಿಂಡರಿನ ಎಂಜಿನ್ ನಿಧಾನಕ್ಕೆ ಓಡಿಸ್ಬೇಕು ಅಂದಾಗ ಡೆಡ್ ಸೆಂಟರಲ್ಲಿ (ಪಿಸ್ಟನ್ ತುದಿ ಮುಟ್ಟಿ ವಾಪಸ್ ತಿರುಗೋ ಜಾಗ) ನಿಂತ್ಕೊಳುತ್ತೆ, ಜೋರಾಗಿ ಓಡಿಸಿದ್ರೆ ಮಾತ್ರ ದಾಟುತ್ತೆ. ಗಿರಣಿ ಎಂಜಿನ್ ಚಂದ ಇರೋದೇ ನಿಧಾನಕ್ಕೆ ತಿರುಗೋವಾಗ ಅಲ್ವಾ.

ಇನ್ನೊಂದು ದಾರಿ ಹೇಳ್ತೀನಿ, ಎರಕದ ಸಹವಾಸನೇ ಬೇಡ. 6 ಇಂಚಿನ ಸೀಮ್‌ಲೆಸ್ ಪೈಪಿನ ಹೊರ ಡಯಾ 168.3 ಇರುತ್ತೆ, ದಪ್ಪ ಗೋಡೆಯ ಶೆಡ್ಯೂಲ್ 160 ಪೈಪ್ ಆದ್ರೆ ಗೋಡೆ 18 ಎಂಎಂ ಚಿಲ್ರೆ, ಗುಜರಿಯಲ್ಲಿ ತುಂಡು ಸಿಕ್ಕೇ ಸಿಗುತ್ತೆ. ಅದ್ರಲ್ಲಿ ಒಂದು ರಿಂಗ್ ಕುಯ್ಕೊಂಡು, ನಡುವೆ ಎಂಎಸ್ (ಮೈಲ್ಡ್ ಸ್ಟೀಲ್) ರೌಂಡ್ ಹಬ್ ಇಟ್ಟು, 8 ಎಂಎಂ ರಾಡ್ ಸ್ಪೋಕ್ ಹಾಕಿ ಸಿಲ್ವರ್ ಬ್ರೇಜ್ ಮಾಡಿ, ಇಲ್ಲಾ ಲಾಕ್‌ಟೈಟ್ 638 ಅಂಟು ಹಾಕಿ ಕೂರಿಸಿ, ಎಲ್ಲಾ ಸೇರಿಸಿ ಆದ್ಮೇಲೆ ಫೈನಲ್ ಟರ್ನಿಂಗ್ ಮಾಡಿ. ವೀಲ್ 165ಕ್ಕೆ ಏರಿಸ್ಬೇಕಾಗುತ್ತೆ, ಆದ್ರೆ ಸ್ಟೀಲು ಬೀಡಿಗಿಂತ ಸ್ವಲ್ಪ ಭಾರನೇ, ಓಟ ಇನ್ನೂ ಚೆನ್ನಾಗೇ ಬರುತ್ತೆ.

ಬೆಳಗಾವಿ_ಪ್ಯಾಟರ್ನ್

ಪೀಣ್ಯದವ್ರು ಹೇಳಿದ್ದು ಕೆಲಸಕ್ಕ ಸರಿ ಐತ್ರಿ, ಆದ್ರ ಇವ್ರು ಕೇಳಿದ್ದು ಎರಕದ ವೀಲ್, ಅದು ಆಗೂ ಮಾತು. ಬೆಳಗಾವಿ ಉದ್ಯಮಬಾಗ, ಮಚ್ಛೆ ಕಡೆ ಫೌಂಡ್ರಿ ಸಾಲಾಗಿ ಅದಾವ, ಶಿವಮೊಗ್ಗ ನಿಮಗ ಇನ್ನೂ ಹತ್ರ, ಅಲ್ಲೂ ಅದಾವ. ಒಂದ ಪೀಸ್ ಮಾಡಿ ಕೊಡ್ರಿ ಅಂತ ಬರೇ ಡ್ರಾಯಿಂಗ್ ಹಿಡ್ಕೊಂಡು ಹೋದ್ರ ಯಾರೂ ಒಪ್ಪಂಗಿಲ್ಲ. ಅವ್ರಿಗೆ ಬಿಲ್ ಆಗೂದು ಕೆಜಿ ಲೆಕ್ಕದಾಗ, ನಿಮ್ಮ ವೀಲ್ ಎರಡು ಕೆಜಿ ಆಸುಪಾಸು, ಅದಕ್ಕ ಪ್ಯಾಟರ್ನ್ (ಉಸುಕಿನಾಗ ಒತ್ತೂ ಮಾದರಿ) ಮಾಡಿಸಿ ಉಸುಕಿನ ಮೋಲ್ಡ್ ಕಟ್ಟಿದ್ರ ಅವ್ರಿಗೆ ಏನ್ ಉಳೀತದ? ಪ್ಯಾಟರ್ನ್ ನೀವ ಮಾಡ್ಕೊಂಡು ಕೈಯಾಗ ಹಿಡ್ಕೊಂಡು ಹೋಗ್ರಿ, ನಾಲ್ಕು ಪೀಸ್ ಹೊಯ್ರಿ ಅನ್ರಿ, ಮಾತು ಬ್ಯಾರೆ ಆಗ್ತದ. ಅವ್ರದ್ದ ದೊಡ್ಡ ಮೋಲ್ಡ್ ಬಾಕ್ಸಿನ ಮೂಲ್ಯಾಗ ಜಾಗ ಇದ್ರ ಸೇರಿಸಿ ಹೊಯ್ದು ಬಿಡ್ತಾರ. ನಾಲ್ಕು ಯಾಕಂದ್ರ ಒಂದರಾಗ ಬ್ಲೋಹೋಲ್ (ಗಾಳಿ ತೂತು) ಬಂದ್ರೂ ಮತ್ತ ಅಷ್ಟು ದೂರ ಓಡಿ ಬರೂದು ತಪ್ಪತದ.

ಪ್ಯಾಟರ್ನ್ ಅಳತಿ ಹಿಂಗ ಹಿಡೀರಿ. ಬೀಡು ಆರಿದಾಗ ನೂರಕ್ಕ ಒಂದರಷ್ಟು ಕುಗ್ತದ. ನಿಮಗ 150 ಬೇಕು, ಒಂದ ಬದಿಗೆ 3 ಎಂಎಂ ಮಷಿನಿಂಗ್ ಅಂದ್ರ 156, ಅದಕ್ಕ ಕುಗ್ಗೂದು ಸೇರಿಸಿದ್ರ 157.5. ಅಗಲ 25 ಇದ್ದದ್ದು 31 ಚಿಲ್ರೆ ಆಗ್ತದ. ರಿಮ್ಮಿನ ಒಳಮೈ, ಸ್ಪೋಕು ಲೇತಿಗೆ ಹೋಗಂಗಿಲ್ಲ, ಅವಕ್ಕ ಬರೇ ಕುಗ್ಗೂದಷ್ಟ ಕೊಡ್ರಿ. ಪ್ಯಾಟರ್ನ್ ಸ್ಪೋಕಿನ ನಡುಮಧ್ಯಕ್ಕ ಎರಡು ಹೋಳು ಮಾಡಿ ಡೋವೆಲ್ ಪಿನ್ ಹಾಕ್ರಿ. ರಿಮ್ಮಿನ ಒಳಮೈಗೆ ಎರಡು ಡಿಗ್ರಿ ಡ್ರಾಫ್ಟ್ (ಇಳಿಜಾರು) ಬೇಕ ಬೇಕು, ಮೂಲಿಮೂಲಿಗೆ 3-4 ಎಂಎಂ ರೇಡಿಯಸ್ ಕೊಡ್ರಿ, ನಿಮಗ ಬೇಕಾದ ತಿರುವು ಅದ. ಹಬ್ಬಿನ ನಡುವ ಒಂದು ಎಂ6 ನಟ್ ಕೂರಿಸ್ರಿ. ಮೋಲ್ಡರ್ ಅದಕ್ಕ ಬೋಲ್ಟ್ ಹಾಕಿ ಸುತ್ತ ನಾಲ್ಕು ದಿಕ್ಕಿಗೂ ಮೆತ್ತಗ ತಟ್ಟತಾನ, ಉಸುಕು ಕೂದಲೆಳಿಯಷ್ಟು ಸಡ್ಲ ಆಗ್ತದ, ಆಮ್ಯಾಲ ಸೀದಾ ಮ್ಯಾಲಕ್ಕ ಎತ್ತತಾನ. ಡ್ರಾಫ್ಟ್ ಕಡಿಮಿ ಇದ್ರ ಎರಡು ಸ್ಪೋಕಿನ ನಡುವಿನ ಉಸುಕಿನ ಗುಡ್ಡಿ ಪ್ಯಾಟರ್ನ್ ಜೋಡಿನ ಕಿತ್ಕೊಂಡು ಬರ್ತದ, ಮೋಲ್ಡ್ ಹೋತು ಅಂತನ ಲೆಕ್ಕ.

ಇನ್ನೊಂದು ಮಾತು, ಆರು ನೇರ ಸ್ಪೋಕ್ ಬ್ಯಾಡ್ರಿ. ಸಣ್ಣ ಸ್ಪೋಕು ಮೊದಲ ಆರಿ ಗಟ್ಟಿ ಆಗ್ತಾವ, ದಪ್ಪ ರಿಮ್ಮು ಆಮ್ಯಾಲ ಆರಿ ಕುಗ್ಗಿ ಅವನ್ನ ಒತ್ತತದ. ಆರು ಇದ್ರ ಎದುರಾಬದುರಾ ಸ್ಪೋಕು ಒಂದ ಗೆರಿಯಾಗ ಬರ್ತಾವ, ಬಾಗಾಕ ಜಾಗನ ಇಲ್ಲ, ಒತ್ತಡ ಒಳಗ ಉಳೀತದ. ಐದು ಹಾಕ್ರಿ, ಇಲ್ಲಾಂದ್ರ ಸ್ಪೋಕಿಗೆ ಸ್ವಲ್ಪ ಸೊಂಟ ತಿರುವಿದಂಗ ಬಾಗು ಕೊಡ್ರಿ. ಹಳೇ ಕಾಲದವ್ರು ಎಷ್ಟೋ ಎಂಜಿನ್ನಿಗೆ ಬಾಗಿದ ಸ್ಪೋಕ್ ಇಟ್ಟದ್ದು ಬರೇ ಚಂದಕ್ಕಲ್ಲ. ಈ ಸೈಜಿನಾಗ ಆರು ಇಟ್ರ ಒಡದ ಒಡೀತದ ಅಂತ ನಾ ಹೇಳಾಕತ್ತಿಲ್ಲ, ಆದ್ರ ಲೇತಿಗೆ ಏರಿಸಿ ಮ್ಯಾಲಿನ ಪದರ ತಗದಾಗ ರಿಮ್ಮು ಸೊಟ್ಟಗಾಗಾಕ ಈ ಒತ್ತಡ ಸಾಕು.

ದಾವಣಗೆರೆ_ಮಾಡೆಲ್

ಸರ್ ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ತುಂಬಾ ಥ್ಯಾಂಕ್ಸ್. ಐದು ಸ್ಪೋಕಿಗೆ ಡ್ರಾಯಿಂಗ್ ಬದಲಾಯಿಸ್ತೀನಿ. ಪ್ಯಾಟರ್ನನ್ನ ಥ್ರೀಡಿ ಪ್ರಿಂಟಲ್ಲಿ ಮಾಡಿದ್ರೆ ನಡೆಯುತ್ತಾ, ಮರದ್ದೇ ಆಗ್ಬೇಕಾ? ಮತ್ತೆ ಫೌಂಡ್ರಿಯವರು ಯಾವ ಗ್ರೇಡು ಅಂತ ಕೇಳಿದ್ರೆ ಏನು ಹೇಳ್ಲಿ?

ಬೆಳಗಾವಿ_ಪ್ಯಾಟರ್ನ್

ಪ್ರಿಂಟ್ ನಡೀತದ್ರಿ, ಈಗ ಎಷ್ಟೋ ಮಂದಿ ತರ್ತಾರ. ಆದ್ರ ಪ್ರಿಂಟಿನ ಗೆರಿಗೆ ಉಸುಕು ಹಿಡ್ಕೋತದ, ಹಂಗಾಗಿ ಪುಟ್ಟಿ ಹಚ್ಚಿ, ಪ್ರೈಮರ್ ಹೊಡದು, ಪಾಲಿಶ್ ಪೇಪರಿನಾಗ ತಿಕ್ಕಿ ಕೈಯಾಡಿಸಿದ್ರ ಗಾಜಿನಂಗ ಜಾರಬೇಕು, ಅಲ್ಲಿ ತನಕ ಬಿಡಬ್ಯಾಡ್ರಿ. ಗೋಡಿ ದಪ್ಪ ಇಡ್ರಿ, ಪೊಳ್ಳು ಕಡಿಮಿ ಮಾಡ್ರಿ, ಉಸುಕು ಗುದ್ದಿ ತುಂಬಾವಾಗ ಅಮುಕಿ ಹೋಗಬಾರದು. ಪಿಎಲ್ಎ ಪ್ಲಾಸ್ಟಿಕ್ಕಿನ ಪ್ರಿಂಟ್ ಆಗಿದ್ರ ಬಿಸಲಾಗ ಕಾರಿನ ಒಳಗ ಬಿಟ್ಟು ಹೋಗಬ್ಯಾಡ್ರಿ, ಸೊಟ್ಟಗಾಗ್ತದ.

ಗ್ರೇಡ್ ಎಫ್‌ಜಿ 200 ಅನ್ರಿ, ಬೀಡಿನ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 210ರಾಗ ಇರೂದು ಅದ. ನಂಬರ್ ಜಾಸ್ತಿ ಇದ್ದಷ್ಟು ಚಲೋ ಅಂತ ಎಫ್‌ಜಿ 260, 300 ಕೇಳಬ್ಯಾಡ್ರಿ, ನಿಮ್ಮ ಸ್ಪೋಕ್ ಸಣ್ಣದೈತಿ, ಸಣ್ಣ ಜಾಗದಾಗ ಬೀಡು ಲಗೂನ ಆರಿ ಬಿಳಿ ಬೀಡು ಆಗ್ತದ, ಗಟ್ಟಿ ಗ್ರೇಡಿನಾಗ ಅದು ಇನ್ನೂ ಜಾಸ್ತಿ. ಬಿಳಿ ಬೀಡಿಗೆ ಟೂಲ್ ಇಟ್ರ ಕೊರ್ಯಾಂಗಿಲ್ಲ, ಬರೇ ಉಜ್ಜತದ. ಇನ್ನ ಎರಡು ಮಾತು ಫೌಂಡ್ರಿಯವ್ರಿಗೆ ಕೈಮುಗದು ಹೇಳ್ರಿ: ಲ್ಯಾಡಲ್ಲಿನ (ಲೋಹ ಹೊಯ್ಯೂ ಪಾತ್ರಿ) ಮೊದಲನೇ ಬಿಸಿ ಲೋಹ ನಮ್ಮ ಬಾಕ್ಸಿಗೆ ಹೊಯ್ರಿ, ಕೊನೀಗೆ ಉಳದದ್ದು ಬ್ಯಾಡ. ಹೊಯ್ದ ಮ್ಯಾಲ ರಾತ್ರಿ ಪೂರಾ ಉಸುಕಿನಾಗ ಬಿಡ್ರಿ, ಕೆಂಪಗಿದ್ದಾಗ ಕೆಡವಬ್ಯಾಡ್ರಿ. ಇವೆರಡು ಆದ್ರ ಅರ್ಧ ತ್ರಾಸ ಅಲ್ಲೇ ಹೋತು.

ಟರ್ನರ್_ಮೈಸೂರು

ಎರಕದ ಬಗ್ಗೆ ಅಣ್ಣ ಎಲ್ಲಾ ಹೇಳಿದಾರೆ, ಲೇತ್ ಕಡೆಯದ್ದು ನಾನು ಸೇರಿಸ್ತೀನಿ, ಯಾಕಂದ್ರೆ ಒಳ್ಳೆ ಎರಕ ತಂದು ಲೇತಲ್ಲಿ ಹಾಳು ಮಾಡೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ನಾಲ್ಕು ಜಾ ಚಕ್‌ಗೆ ಹಾಕಿ ಓಲಾಟ ಅಳೆಯೋ ಡಯಲ್ ಇಡೋವಾಗ ರಿಮ್ಮಿನ ಹೊರಮೈಗೆ ಇಡ್ಬೇಡಿ, ಒಳಮೈಗೆ ಇಡಿ. ಹೊರಗಿನದ್ದು ಹೇಗೂ ಕಡಿದು ಹೋಗುತ್ತೆ, ಒಳಮೈ ಮತ್ತೆ ಸ್ಪೋಕ್ ಎರಕ ಹೇಗೆ ಬಂತೋ ಹಾಗೇ ಉಳಿಯುತ್ತೆ, ಎಂಜಿನ್ ಓಡೋವಾಗ ಕಣ್ಣಿಗೆ ಕಾಣೋ ಓಲಾಟ ಅದೇ. ಹೊರಮೈ ನೋಡಿ ಸೆಟ್ ಮಾಡಿದ್ರೆ ಕೊನೆಗೆ ರಿಮ್ ಒಂದು ಕಡೆ 13 ಒಂದು ಕಡೆ 17 ದಪ್ಪ ಬಂದು ಕೂರುತ್ತೆ, ಬ್ಯಾಲೆನ್ಸೂ ಹೋಯ್ತು.

ಮೊದಲನೇ ಕಟ್ ಧೈರ್ಯವಾಗಿ ಒಂದೂವರೆ ಎಂಎಂ ಕೊಡಿ, ಕಾರ್ಬೈಡ್ ಕೆ20 ಟೂಲು. ಮೇಲಿನ ಚರ್ಮದಲ್ಲಿ ಉಸುಕು ಕೂತಿರುತ್ತೆ, ಟೂಲಿನ ತುದಿ ಅದ್ರ ಕೆಳಗೆ ಓಡ್ಬೇಕು, ಸವರಿಕೊಂಡು ಹೋಗೋಣ ಅಂತ ಸ್ವಲ್ಪಸ್ವಲ್ಪ ತೆಗೆದ್ರೆ ತುದಿ ಅಲ್ಲೇ ಸವೆದು ಹೋಗುತ್ತೆ. ಕಾರ್ಬೈಡಲ್ಲಿ 120 ಆರ್‌ಪಿಎಂ ಆಸುಪಾಸು, ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲ್ ಆದ್ರೆ 40 ಸಾಕು, ಕೂಲೆಂಟ್ ಬೇಡ, ಒಣಗೇ ಕಡೀರಿ. ಅದೇ ಸೆಟ್ಟಿಂಗಲ್ಲಿ ಹಬ್ ಡ್ರಿಲ್ ಮಾಡಿ, ಬೋರ್ ಮಾಡಿ, 12ಕ್ಕೆ ರೀಮ್ ಮಾಡಿ, ಒಂದು ಕಡೆ ಮುಖನೂ ತೆಗೀರಿ. ಆಮೇಲೆ ಮ್ಯಾಂಡ್ರೆಲ್ (ಬೋರಿಗೆ ಕೂರೋ ಶಾಫ್ಟ್) ಮೇಲೆ ಏರಿಸಿ ಉಳಿದ ಮುಖ, ಹೊರಮೈ ಮುಗಿಸಿ, ಆಗ ಬೋರಿಗೂ ರಿಮ್ಮಿಗೂ ಕೇಂದ್ರ ಒಂದೇ ಆಗುತ್ತೆ. ಬೀಡಿನ ಪುಡಿ ಕಪ್ಪಗೆ ಹಾರುತ್ತೆ, ಮೂಗಿಗೆ ಮಾಸ್ಕ್, ಲೇತ್ ಬೆಡ್ಡಿಗೆ ಪೇಪರ್ ಹಾಸಿ, ಅದು ಎಣ್ಣೆಗೆ ಸೇರಿದ್ರೆ ಗೈಡ್‌ವೇ ಉಜ್ಜಿ ತಿನ್ನುತ್ತೆ, ಮಾವನ ಕಿರ್ಲೋಸ್ಕರ್ ಅಂಥ ಲೇತ್ ಈಗ ಹೊಸದು ಸಿಗಲ್ಲ.

ಎಲ್ಲಾದ್ರೂ ಬಿಳಿ ಬೀಡು ಸಿಕ್ಕಿ ಟೂಲ್ ಜಾರ್ತಾ ಇದೆ ಅನ್ಸಿದ್ರೆ ಗುದ್ದಾಡ್ಬೇಡಿ, ಹೀಟ್ ಟ್ರೀಟ್‌ಮೆಂಟ್ ಮಾಡೋರ ಹತ್ರ ಕೊಟ್ಟು 900 ಡಿಗ್ರಿ ಹತ್ತಿರ ಕಾಯಿಸಿ ಫರ್ನೇಸಲ್ಲೇ ನಿಧಾನಕ್ಕೆ ಆರಿಸಿ ಅನ್ನಿ, ಮೆತ್ತಗಾಗುತ್ತೆ.

ಪೀಣ್ಯ_ಫಿಟ್ಟರ್

ಐದು ಸ್ಪೋಕಿನ ಡ್ರಾಯಿಂಗ್ ರೆಡಿ ಆದ್ರೆ ಇಲ್ಲೇ ಹಾಕಿ ಸರ್, ನಾಲ್ಕು ಎರಕದಲ್ಲಿ ಎರಡು ಉಳಿದ್ರೆ ಒಂದು ನಂಗೆ ಬೇಕು, ಖರ್ಚು ಹಂಚಿಕೊಳ್ಳೋಣ. ನಂದೊಂದು ಪೆಟ್ರೋಲ್ ಎಂಜಿನ್ ಇದೆ, ಅದಕ್ಕೆ ಬೀಡು ಹಾಕಿದ್ರೆ ಸ್ಪೀಡ್ ಎಲ್ಲಿವರೆಗೆ ಹೋಗ್ಬಹುದು?

ಟರ್ನರ್_ಮೈಸೂರು

ಬೀಡಿಗೆ ರಿಮ್ಮಿನ ವೇಗ ಸೆಕೆಂಡಿಗೆ 30 ಮೀಟರ್ ದಾಟಬಾರ್ದು ಅಂತ ಹಳೇ ಲೆಕ್ಕ. 150 ಡಯಾಗೆ ಅದು 3800 ಆರ್‌ಪಿಎಂ. ಸ್ಟೀಮಿಗೆ 400ರಲ್ಲಿ ಓಡಿದ್ರೆ ಸೆಕೆಂಡಿಗೆ 3 ಮೀಟರ್ ಅಷ್ಟೇ, ಅವರಿಗೆ ಯೋಚನೆನೇ ಇಲ್ಲ. ನಿಮ್ಮದು ಪೆಟ್ರೋಲ್, ವೇಗ ಹಿಡಿದಿಡೋ ಗವರ್ನರ್ ಕೈಕೊಟ್ರೆ ಎಲ್ಲಿಗೆ ಏರುತ್ತೋ ಗೊತ್ತಾಗಲ್ಲ, ಸ್ಪೋಕ್ ಇರೋ ಎರಕ ಬೇಡ, ಸ್ಟೀಲ್ ಪ್ಲೇಟಲ್ಲಿ ಡಿಸ್ಕ್ ಕಡಿಸ್ಕೊಳಿ.

ಬೆಳಗಾವಿ_ಪ್ಯಾಟರ್ನ್

ಹೌದ್ರಿ, ಪೆಟ್ರೋಲಿಗೆ ಸ್ಟೀಲ್ ಡಿಸ್ಕ ಚಲೋ. ದಾವಣಗೆರೆ ಸರ, ಪ್ಯಾಟರ್ನಿನಾಗ 12ರ ತೂತು ಇಡಬ್ಯಾಡ್ರಿ, ಅಷ್ಟು ಸಣ್ಣ ಕೋರ್ (ತೂತು ಉಳಿಸೂ ಉಸುಕಿನ ಕಡ್ಡಿ) ಕೂರಿಸೂದು ಸುಮ್ಮನ ತ್ರಾಸ, ಹಬ್ ಗಟ್ಟಿನ ಇರಲಿ, ಆಮ್ಯಾಲ ಲೇತಿನಾಗ ಕೊರೀರಿ. ಹಬ್ ದಪ್ಪ ಇದ್ದದ್ದಕ್ಕ ಅದರ ಮ್ಯಾಲ ಒಂದು ಸಣ್ಣ ರೈಸರ್ (ಕುಗ್ಗಿದಾಗ ಲೋಹ ತುಂಬೂ ಬಾಯಿ) ಇಡ್ರಿ ಅಂತ ಮೋಲ್ಡರಿಗೆ ಹೇಳ್ರಿ, ಇಲ್ಲಾಂದ್ರ ನೀವು ಡ್ರಿಲ್ ಹಾಕೂ ಜಾಗದಾಗ ಒಳಗ ಪೊಳ್ಳು ಬರ್ತದ. ಪ್ರಿಂಟ್ ಆದ ಮ್ಯಾಲ ಪುಟ್ಟಿ ಹಚ್ಚೂ ಮುಂಚೆ ಒಂದು ಫೋಟೋ ಹಾಕ್ರಿ, ಡ್ರಾಫ್ಟ್ ನೋಡಿ ಹೇಳ್ತೇನಿ.