ಅಪ್‌ಡೇಟ್: ಹೆಸರು ಮುಚ್ಚಿಟ್ಟ ಹೋಟೆಲ್ ಡೀಲ್ ತಗೊಂಡ್ವಿ

ಅಪ್ಪ ಅಮ್ಮನ್ನ ಲಾಸ್ ವೇಗಸ್‌ಗೆ ಕರ್ಕೊಂಡು ಹೋಗ್ಬೇಕು, ಹಾಟ್‌ವೈರ್ ಅನ್ನೋ ಬುಕಿಂಗ್ ಸೈಟ್‌ನಲ್ಲಿ ದುಡ್ಡು ಕಟ್ಟೋ ತನಕ ಹೋಟೆಲ್ ಹೆಸರೇ ತೋರ್ಸದ ಡೀಲ್ ಇದೆ, ನಂಬಬಹುದಾ ಅಂತ ಕೇಳಿದ್ನಲ್ಲ, ತಗೊಂಡ್ವಿ, ತುಂಬಾ ಚೆನ್ನಾಗಾಯ್ತು. ನೀವು ಹೇಳಿದ ಹಾಗೆ ಏರಿಯಾ, ಸ್ಟಾರ್, ಪೂಲ್ ಇದ್ಯಾ, ರೆಸಾರ್ಟ್ ಫೀ (ರೂಮ್ ಬಾಡಿಗೆ ಮೇಲೆ ಹೋಟೆಲ್‌ನೋರು ಕಡ್ಡಾಯವಾಗಿ ಹಾಕೋ ಚಾರ್ಜ್) ಎಷ್ಟು ಅನ್ನೋದನ್ನೆಲ್ಲ ಹೆಸರಿರೋ ಲಿಸ್ಟಿಂಗ್ ಜೊತೆ ತಾಳೆ ನೋಡಿದ್ವಿ, ಸ್ಟ್ರಿಪ್‌ನಲ್ಲಿ (ದೊಡ್ಡ ಹೋಟೆಲ್‌ಗಳಿರೋ ಅಲ್ಲಿನ ಮುಖ್ಯ ರಸ್ತೆ) ಒಂದೇ ಹೋಟೆಲ್ ಹೊಂದ್ತಿತ್ತು, ದುಡ್ಡು ಕಟ್ಟಿದ್ಮೇಲೆ ಅದೇ ಬಂತು! ಆ ಫೀ ಸೇರಿಸೇ ಒಟ್ಟು ರೇಟ್ ತೋರಿಸ್ಬೇಕು ಅಂತ 2025ರ ಮೇ ತಿಂಗಳಿಂದ ಅಮೆರಿಕದಲ್ಲಿ ರೂಲ್ ಇದೆ, ಅದರಿಂದ ಲೆಕ್ಕ ಸಲೀಸಾಯ್ತು.

ಯಾವ ಥರದ ಬೆಡ್ ಸಿಗುತ್ತೆ ಅನ್ನೋದು ಮಾತ್ರ ಗ್ಯಾರಂಟಿ ಇರಲ್ಲ, ಬುಕ್ ಆದ ತಕ್ಷಣ ಹೋಟೆಲ್‌ಗೇ ಫೋನ್ ಮಾಡಿ ಎರಡು ಕ್ವೀನ್ ಬೆಡ್ ಕೇಳ್ಕೊಂಡೆ, ಕೊಟ್ರು. ಕ್ಯಾನ್ಸಲ್ ಮಾಡಿದ್ರೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರಲ್ಲ, ಹಾಗಾಗಿ ಊರಿಂದ ಬರೋರ ವೀಸಾ, ಟಿಕೆಟ್ ಪಕ್ಕಾ ಆಗೋ ಮುಂಚೆ ದಯವಿಟ್ಟು ಕೈ ಹಾಕ್ಬೇಡಿ.