ಕೀರ್ತನೆ 37 ಓದಿ ಸುಮ್ಮನಿರು ಅಂತಾರೆ. ಅಣ್ಣನ ಮೇಲಿನ ಸಿಟ್ಟು ಬಿಡಬೇಕೆಂದರೆ ಪಾಲನ್ನೂ ಬಿಡಬೇಕಾ?

ಪ್ರಶ್ನೆ: ಗದಗಿನ ತಂಗಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಹೋದ ವರ್ಷ ಅವ್ವನೂ ಹೋದಳು. ಮಕ್ಕಳು ಅಂತ ನಾನು, ಅಣ್ಣ ಇಬ್ಬರೇ. ಅವ್ವನ ಮಣ್ಣಾದ ಸ್ವಲ್ಪ ದಿನಕ್ಕೇ ಅಣ್ಣ ಫೋನ್ ಮಾಡಿ, "ಮನಿ ಖಾತೆ ಬದಲಿ ಮಾಡಿಸಬೇಕು, ನಿಂದೊಂದು ಸಹಿ ಬೇಕು, ಬಂದು ಹೋಗು" ಅಂದ. ನೈಟ್ ಡ್ಯೂಟಿ ಮುಗಿಸಿ ನರ್ಸ್ ಯೂನಿಫಾರಂನಲ್ಲೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆ. ವೈನಿ (ಅಣ್ಣನ ಹೆಂಡತಿ) ಫ್ಲಾಸ್ಕಿನಲ್ಲಿ ಚಹಾ ತಂದಿದ್ದರು. ಫೋಟೋ ತೆಗೆದರು, ಹೆಬ್ಬೆಟ್ಟು ತಗೊಂಡರು, ಅಣ್ಣ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಈ ಮಾರ್ಚಿನಲ್ಲಿ ಬೇರೆ ಕೆಲಸಕ್ಕೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದಾಗ ಗೊತ್ತಾಯಿತು, ಅದು ಹಕ್ಕು ಖುಲಾಸೆ ಪತ್ರ. ಮನೆಯಲ್ಲೂ ಹೊಲದಲ್ಲೂ ನನಗಿರುವ ಹಕ್ಕನ್ನು ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ ಅಂತ ಬರೆದಿದೆ.

ಕೇಳಿದರೆ "ನಿನ್ನ ಮದುವಿಗೆ ಖರ್ಚು ಮಾಡಿದವರು ಯಾರು?" ಅಂದ. ಅಷ್ಟೇ, ಮಾತು ಮುಗಿಯಿತು.

ಅವನು ನಮ್ಮ ಸಭೆಯ ಕಮಿಟಿಯಲ್ಲಿದ್ದಾನೆ. ಭಾನುವಾರ ವಾಕ್ಯ ಓದಲು ನಿಲ್ಲುತ್ತಾನೆ, ನಾನು ಎರಡು ಬೆಂಚು ಹಿಂದೆ ಕೂತಿರುತ್ತೇನೆ. ಅವನ ದನಿ ಕೇಳಿದರೆ ಕಿವಿಯ ಬುಡ ಬಿಸಿಯಾಗುತ್ತದೆ. ಹೊಸ ಕಾರು ತಗೊಂಡಿದ್ದಾನೆ, ಅದರ ಗಾಜಿನ ಮೇಲೆ 'ಯೆಹೋವನು ನನ್ನ ಕುರುಬನು' ಅಂತ ಸ್ಟಿಕರ್ ಇದೆ. ರಾತ್ರಿ ಮಲಗಿದರೆ ಮನಸ್ಸಿನಲ್ಲೇ ಅವನ ಜೊತೆ ಜಗಳ. ನಾನು ಒಂದು ಅನ್ನುತ್ತೇನೆ, ಅವನು ಒಂದು ಅನ್ನುತ್ತಾನೆ, ಮತ್ತೆ ಮೊದಲಿನಿಂದ. ಹೀಗೇ ಬೆಳಗಾಗುತ್ತದೆ. ವಾರ್ಡಿನಲ್ಲಿ ರೋಗಿಗಳ ಮೇಲೆ ಸಿಡುಕುವುದು ಶುರುವಾಗಿದೆ.

ಪಾಸ್ಟರ್ ಹತ್ತಿರ ಹೇಳಿಕೊಂಡರೆ ಕೀರ್ತನೆ 37:8 ತೋರಿಸಿದರು: ಕೋಪ ಬಿಡು, ಉರಿದುಕೊಳ್ಳಬೇಡ. ಜೊತೆಗೆ 1 ಕೊರಿಂಥ 6, ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು ಅಂತ. ಸಿಟ್ಟು ಬಿಡಬೇಕೆಂದು ನನಗೂ ನಿಜವಾಗಿ ಆಸೆ ಇದೆ, ಇದು ನನ್ನನ್ನೇ ತಿನ್ನುತ್ತಿದೆ. ಆದರೆ ಕೇಸು ಹಾಕಿದರೆ ದೇವರ ಮಾತು ಮೀರಿದ ಹಾಗಾ? ಬಲ್ಲವರು ದಯಮಾಡಿ ಹೇಳಿ.

ಉತ್ತರ: ಹಾಸನದ ಸಹೋದರಿ

ಅಕ್ಕಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ನಾನು ಇದೇ ದಾರಿಯಲ್ಲಿ ಬಂದವಳು. ಆದಿಕಾಂಡ 26ರಲ್ಲಿ ಇಸಾಕನ ಆಳುಗಳು ಬಾವಿ ತೋಡುತ್ತಾರೆ, ಗೆರಾರಿನವರು ನೀರು ನಮ್ಮದು ಎಂದು ಜಗಳಕ್ಕೆ ಬರುತ್ತಾರೆ. ಇಸಾಕ ಬಿಟ್ಟು ಮುಂದೆ ಹೋಗುತ್ತಾನೆ. ಇನ್ನೊಂದು ತೋಡಿದರೆ ಅದಕ್ಕೂ ಜಗಳ, ಅದನ್ನೂ ಬಿಡುತ್ತಾನೆ. ಮೂರನೆಯದಕ್ಕೆ ಯಾರೂ ಬರುವುದಿಲ್ಲ, ಅದಕ್ಕೆ ರೆಹೋಬೋತ್, ಅಂದರೆ ವಿಶಾಲವಾದ ಜಾಗ, ಎಂದು ಹೆಸರಿಡುತ್ತಾನೆ. ನಾನು ನನ್ನ ತಮ್ಮಂದಿರಿಗೆ ತೋಟ ಬಿಟ್ಟುಕೊಟ್ಟೆ. ದೇವರು ನನಗೆ ಯಾವ ಕೊರತೆಯನ್ನೂ ಮಾಡಿಲ್ಲ. ನೀವೂ ಬಿಟ್ಟುಬಿಡಿ, ಎಪ್ಪತ್ತೇಳು ಸಲ ಕ್ಷಮಿಸು ಅಂದಿದ್ದಾನಲ್ಲ ಕರ್ತನು. ನಿಮಗಾಗಿ ಪ್ರಾರ್ಥಿಸುತ್ತೇನೆ.

ಉತ್ತರ: ಧಾರವಾಡದ ಪತ್ರ ಬರಹಗಾರ

ತಂಗಿ, ನಾನು ಬದುಕಿಡೀ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಪತ್ರ ಬರೆದವನು. ಖರೀದಿ ಪತ್ರ, ವಾಟ್ನಿ (ಪಾಲು ವಿಭಾಗ) ಪತ್ರ, ಬಕ್ಷೀಸ್ (ದಾನ) ಪತ್ರ, ನಿನಗೆ ಸಹಿ ಹಾಕಿಸಿದಂಥ ಖುಲಾಸೆ ಪತ್ರ, ಎಲ್ಲ. ಈಗ ಕೈ ನಡುಗುತ್ತದೆ, ಬಿಟ್ಟಿದ್ದೇನೆ. ನಮ್ಮ ಸಭೆಯಲ್ಲಿ ಹಿರಿಯರ ಪೈಕಿ ನಾನೂ ಒಬ್ಬ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದು.

ಮೊದಲು ಕೀರ್ತನೆ 37 ಪೂರ್ತಿ ಓದು. ನಿನ್ನ ಕೈಗೆ ಎಂಟನೇ ವಚನವನ್ನಷ್ಟೇ ಕಿತ್ತು ಕೊಟ್ಟಿದ್ದಾರೆ. ನಲವತ್ತು ವಚನ ಇದೆ. ಬರೆದವನು ವಯಸ್ಸಾದವನು, ಎಳೆಯವನಾಗಿದ್ದೆ, ಈಗ ಮುದುಕನಾಗಿದ್ದೇನೆ ಎಂದು 25ನೇ ವಚನದಲ್ಲಿ ತಾನೇ ಹೇಳುತ್ತಾನೆ. ಇಡೀ ಕೀರ್ತನೆ ಯಾವುದರ ಬಗ್ಗೆ ಗೊತ್ತಾ? ನೆಲದ ಬಗ್ಗೆ. 9, 11, 22, 29, 34, ಈ ಐದೂ ವಚನಗಳಲ್ಲಿ ನೆಲ ಯಾರ ಪಾಲಿಗೆ ಬರುತ್ತದೆ ಅನ್ನುವ ಮಾತೇ ತಿರುಗಿ ತಿರುಗಿ ಬರುತ್ತದೆ. ಮೂರನೇ ವಚನದಲ್ಲಿ 'ಒಳ್ಳೇದನ್ನು ಮಾಡು, ಈ ನೆಲದಲ್ಲೇ ವಾಸವಾಗಿರು' ಅನ್ನುವ ಅರ್ಥದ ಮಾತಿದೆ. 21ರಲ್ಲಿ ಸಾಲ ತಗೊಂಡು ತೀರಿಸದ ದುಷ್ಟ ಬರುತ್ತಾನೆ. 35ರಲ್ಲಿ ಸೊಂಪಾಗಿ ಹಬ್ಬಿದ ಹಸಿರು ಮರದಂತೆ ಬೆಳೆದ ದುಷ್ಟ ಬರುತ್ತಾನೆ, ನಿನ್ನಣ್ಣನ ಹೊಸ ಕಾರು ಅಲ್ಲೇ ನಿಂತಿದೆ ಅಂದುಕೋ. ಅಂದರೆ ಇದು ಮೋಸಹೋದವರ ಮುಂದೆ, ಪಾಲು ಕಳಕೊಂಡವರ ಮುಂದೆ ಹೇಳಿದ ಮಾತು. ಇದರಲ್ಲಿ ಎಲ್ಲಿಯೂ 'ನೆಲದ ಆಸೆ ಬಿಡು' ಅಂತ ಇಲ್ಲ. ಉರಿದುಕೊಂಡರೆ ಕಡೆಗೆ ನೀನೂ ಕೆಡುಕಿಗೇ ಇಳಿಯುತ್ತೀ, ಅದಕ್ಕೇ ಉರಿದುಕೊಳ್ಳಬೇಡ ಅನ್ನುತ್ತದೆ ಆ ಎಂಟನೇ ವಚನ. ಅದನ್ನೇ ಹಿಡಿದು ಮೋಸಹೋದವಳ ಬಾಯಿ ಮುಚ್ಚಿಸುವುದು ಆ ಕೀರ್ತನೆಗೆ ಮಾಡುವ ಅನ್ಯಾಯ. ಪಾಸ್ಟರ್ ಕೆಟ್ಟ ಮನಸ್ಸಿನಿಂದ ಹೇಳಿರಲಿಕ್ಕಿಲ್ಲ. ಸಭೆಯಲ್ಲಿ ಗದ್ದಲ ಬೇಡ ಅಂತ ಹೇಳಿರಬಹುದು.

ನನ್ನ ಹತ್ತಿರ ಒಬ್ಬ ಮನುಷ್ಯ ಬರುತ್ತಿದ್ದ. ತಮ್ಮನ ಮೇಲೆ ವಾಟ್ನಿ ಕೇಸು. ಸಕ್ಕರೆ ಚೀಲ ಕತ್ತರಿಸಿ ಹೊಲಿದ ಒಂದು ಕೈಚೀಲ, ಅದರ ತುಂಬ ಕಾಗದ. ಬಂದವನೇ ನನ್ನ ಮೇಜಿನ ಮೇಲೆ ಉತಾರಗಳನ್ನು (ಹೊಲದ ಪಹಣಿಗಳನ್ನು) ಒಂದೊಂದಾಗಿ ಹರಡಿ, ಸರ್ವೆ ನಂಬರು, ಎಕರೆ, ಗುಂಟೆ ಎಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ. ಕಡೆಗೆ ಕೇಸು ಗೆದ್ದ. ಗೆದ್ದ ಮೇಲೂ ಬಂದ, ಅದೇ ಚೀಲ, ಅದೇ ಕಾಗದ, ಅದೇ ಕತೆ. ಹೊಲ ಕೈಗೆ ಬಂದಿತ್ತು, ಉರಿ ಆರಿರಲಿಲ್ಲ. ಇನ್ನೊಬ್ಬ ಹೆಣ್ಣುಮಗಳು ಇದ್ದಳು. ಅಣ್ಣನ ಮೇಲೆ ಕೇಸು ಹಾಕಿದ್ದಳು, ತಾರೀಖಿಗೆ ತಪ್ಪದೆ ಬರುತ್ತಿದ್ದಳು. ಅದರ ನಡುವೆ ಅಣ್ಣನ ಮಗಳ ಮದುವೆ ಬಂತು. ಸೀರೆ ತಗೊಂಡು ಹೋಗಿ ಅಕ್ಷತೆ ಹಾಕಿ ಊಟ ಮಾಡಿ ಬಂದಳು. ಮುಂದಿನ ತಾರೀಖಿಗೆ ಮತ್ತೆ ಅದೇ ಬೆಂಚಿನ ಮೇಲೆ ಕೂತಿದ್ದಳು. ಆಕೆ ನಮ್ಮ ಬೈಬಲ್ ಓದಿದವಳೇ ಅಲ್ಲ. ಆದರೆ ಕೀರ್ತನೆ 37ರ ಪ್ರಕಾರ ಬದುಕುವುದೆಂದರೆ ಹೀಗೆ ಅಂತ ನನಗೆ ಆಕೆಯನ್ನು ನೋಡಿ ಗೊತ್ತಾಯಿತು. ಹಕ್ಕು ಬೇರೆ, ಉರಿ ಬೇರೆ. ಒಂದನ್ನು ಬಿಟ್ಟರೆ ಇನ್ನೊಂದು ತಾನಾಗಿ ಹೋಗುತ್ತದೆ ಅಂತ ತಿಳಿಯಬೇಡ.

ಸುಮ್ಮನಿದ್ದರೆ ಸಿಟ್ಟು ಹೋಯಿತು ಅನ್ನುವ ಹಾಗೂ ಇಲ್ಲ. 2 ಸಮುವೇಲ 13 ನೋಡು. ತಂಗಿ ತಾಮಾರಳಿಗೆ ಮಲಅಣ್ಣ ಅಮ್ನೋನ ಮಾಡಿದ ಅನ್ಯಾಯಕ್ಕೆ ಅಬ್ಷಾಲೋಮ ಅವನ ಜೊತೆ ಒಳ್ಳೆಯದೂ ಆಡಲಿಲ್ಲ, ಕೆಟ್ಟದ್ದೂ ಆಡಲಿಲ್ಲ. ಅಪ್ಪ ದಾವೀದನಿಗೆ ಸಿಟ್ಟು ಬಂತು, ಆದರೆ ನ್ಯಾಯ ವಿಚಾರಣೆ ಮಾಡಿದ ಮಾತೇ ಅಲ್ಲಿಲ್ಲ. ಎರಡು ವರ್ಷ ಹಾಗೇ ಕಳೆಯಿತು. ಆಮೇಲೆ ಕುರಿಗಳ ಉಣ್ಣೆ ಕತ್ತರಿಸುವ ಹಬ್ಬದಲ್ಲಿ ಅಬ್ಷಾಲೋಮ ಅವನನ್ನು ಕೊಲ್ಲಿಸಿದ. ದೊಡ್ಡವರು ನ್ಯಾಯ ಮಾಡದೆ 'ಮನೆ ಮಾತು ಮನೆಯಲ್ಲೇ ಇರಲಿ' ಅಂದಾಗ ಏನಾಗುತ್ತದೆ ಅನ್ನುವುದನ್ನು ಆ ಅಧ್ಯಾಯ ಬಹಳ ಕಠಿಣವಾಗಿ ತೋರಿಸುತ್ತದೆ.

ಇನ್ನು ಪಾಲು ಕೇಳುವುದು ಪಾಪವೋ ಅಂದರೆ, ಅರಣ್ಯಕಾಂಡ 27ಕ್ಕೆ ಹೋಗು. ಚಲ್ಪಹಾದನ ಐದು ಜನ ಹೆಣ್ಣುಮಕ್ಕಳು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು, ಮೋಶೆ, ಯಾಜಕ, ಇಡೀ ಸಭೆಯ ಎದುರು ನಿಂತು, ನಮ್ಮಪ್ಪನ ಪಾಲು ನಮಗೆ ಕೊಡಿ ಅಂತ ಕೇಳಿದರು. ಮೋಶೆ ದೇವರನ್ನು ಕೇಳಿದ. ಅವರು ಕೇಳುವುದು ಸರಿ, ಕೊಡು ಅಂದನು ದೇವರು. ಆ ಹೆಣ್ಣುಮಕ್ಕಳು ಕೂಗಾಡಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ.

ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದ ಕೊನೆಗೆ, ಮುಯ್ಯಿ ನೀನೇ ತೀರಿಸಬೇಡ, ದೇವರ ಸಿಟ್ಟಿಗೆ ಬಿಡು ಎಂದು ಪೌಲ ಹೇಳುತ್ತಾನೆ. ಹಾಳೆ ತಿರುಗಿಸಿದರೆ 13ನೇ ಅಧ್ಯಾಯ: ಅಧಿಕಾರಿ ದೇವರ ಸೇವಕ, ತಪ್ಪು ಮಾಡಿದವನಿಗೆ ದಂಡ ಕೊಡುವುದು ಅವನ ಕೆಲಸ. ಎರಡನ್ನೂ ಸೇರಿಸಿ ಓದಬೇಕು. ಪೌಲನೂ ತನ್ನ ಮೇಲೆ ಅನ್ಯಾಯವಾದಾಗ ರೋಮಿನ ಚಕ್ರವರ್ತಿ ಕೈಸರನ ಮುಂದೆ ನ್ಯಾಯ ಕೇಳಿದವನೇ, ಅಪೊಸ್ತಲರ ಕೃತ್ಯಗಳು 25:11.

1 ಕೊರಿಂಥ 6 ನಿಜಕ್ಕೂ ಭಾರವಾದ ಮಾತು, ಅದನ್ನು ಹಗುರ ಮಾಡುವುದಿಲ್ಲ. 'ಅನ್ಯಾಯವನ್ನು ಯಾಕೆ ಸಹಿಸಬಾರದು' ಎಂದು ಪೌಲ ಕೇಳುತ್ತಾನೆ. ಆದರೆ ಅದಕ್ಕೂ ಮೊದಲು, ಅಣ್ಣತಮ್ಮಂದಿರ ವ್ಯಾಜ್ಯ ತೀರಿಸುವ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಸಭೆಯನ್ನೇ ಕೇಳುತ್ತಾನೆ. ಎಂಟನೇ ವಚನದಲ್ಲಿ, ಸ್ವಂತ ಸಹೋದರರಿಗೇ ಮೋಸ ಮಾಡುತ್ತೀರಲ್ಲ ಎಂದು ಗದರಿಸುತ್ತಾನೆ. ಅದು ನಿನ್ನಣ್ಣನಿಗೆ ಓದಿ ಹೇಳಬೇಕಾದ ವಚನ. ಆದ್ದರಿಂದ ಪಾಸ್ಟರ್ ಹತ್ತಿರ ಮತ್ತೆ ಹೋಗು. ಮತ್ತಾಯ 18:15ರಿಂದ 17ರವರೆಗೆ ತೋರಿಸು. ಮೊದಲು ನೀನೊಬ್ಬಳೇ ಕೇಳಬೇಕು, ಅದಾಗಿದೆ. ಇನ್ನು ಒಬ್ಬಿಬ್ಬರನ್ನು ಕರೆದುಕೊಂಡು ಕೇಳಬೇಕು, ಆಮೇಲೆ ಸಭೆಗೆ ಹೇಳಬೇಕು. ಕಮಿಟಿ ಮೆಂಬರು ಅಂತ ಅಣ್ಣನಿಗೆ ಇದರಿಂದ ವಿನಾಯಿತಿ ಇಲ್ಲ.

ಹಾಸನದ ಸಹೋದರಿಯ ಮಾತಿಗೆ ನನ್ನ ಗೌರವ ಇದೆ. ಇಸಾಕ ಬಿಟ್ಟದ್ದು ನಿಜ, ಆಕೆಯೂ ಬಿಟ್ಟರು. ಆದರೆ ಆಕೆ ತಿಳಿದು, ಮನಸಾರೆ ಬಿಟ್ಟರು, ಅದು ದಾನ. ನಿನ್ನ ಪತ್ರದಲ್ಲಿ 'ಸ್ವಸಂತೋಷದಿಂದ' ಅಂತ ಬರೆದದ್ದು ಬೇರೆಯವರು. ನಾಳೆ ನೀನೂ ತಿಳಿದೇ ಬಿಡುತ್ತೇನೆ ಅಂದರೆ ಬಿಡು, ದೇವರು ಮೆಚ್ಚುತ್ತಾನೆ. ಅದನ್ನು ನಿನ್ನ ಪರವಾಗಿ ಬೇರೆಯವರು ತೀರ್ಮಾನಿಸುವುದು ಸರಿಯಲ್ಲ.

ರಾತ್ರಿಯ ಜಗಳದ ಮಾತು. ಇದು ನನಗೆ ಕೇಸಿಗಿಂತ ದೊಡ್ಡದಾಗಿ ಕಾಣುತ್ತದೆ. 2 ಅರಸುಗಳು 19:14ರಲ್ಲಿ ಅಶ್ಶೂರದ ಅರಸನ ಬೆದರಿಕೆಯ ಕಾಗದ ಹಿಜ್ಕೀಯನ ಕೈಗೆ ಬರುತ್ತದೆ. ಓದುತ್ತಾನೆ, ಎತ್ತಿಕೊಂಡು ದೇವಾಲಯಕ್ಕೆ ಹೋಗಿ ಯೆಹೋವನ ಮುಂದೆ ಬಿಚ್ಚಿಡುತ್ತಾನೆ. ಕಾಗದದೊಂದಿಗೇ ಬದುಕಿದವನು ನಾನು, ಆ ವಚನ ನನಗೆ ಬಹಳ ಹಿಡಿಸುತ್ತದೆ. ಆ ಖುಲಾಸೆ ಪತ್ರದ ನಕಲನ್ನು ಮಂಚದ ಮೇಲೆ ಬಿಚ್ಚಿಡು. ಅಣ್ಣನಿಗೆ ಮನಸ್ಸಿನಲ್ಲೇ ಹೇಳುವುದನ್ನೆಲ್ಲ ದೇವರಿಗೆ ಬಾಯಿಬಿಟ್ಟು ಹೇಳು, ಸರ್ವೆ ನಂಬರು ಸಮೇತ, ವೈನಿ ತಂದ ಚಹಾ ಸಮೇತ. ಸೊಗಸಾದ ಪ್ರಾರ್ಥನೆಯ ಮಾತು ಬೇಕಿಲ್ಲ. ಹೇಳಿ ಮುಗಿದ ಮೇಲೆ ಮಡಚಿ ಕಪಾಟಿನಲ್ಲಿಡು. ಮತ್ತೆ ಜಗಳ ಎದ್ದರೆ, ಇದನ್ನು ಕೇಳುವವನಿಗೆ ಹೇಳಿಯಾಗಿದೆ ಅಂತ ನಿನಗೆ ನೀನೇ ಅಂದುಕೋ. ಒಂದೇ ರಾತ್ರಿಗೆ ಆಗುವುದಿಲ್ಲ. ದಿನಾ ಬಿಡಬೇಕು.

ಕೊನೆಗೆ ನನ್ನ ಕಸುಬಿನ ಮಾತು, ತಪ್ಪದೆ ಕೇಳು. ಕೀರ್ತನೆ ಕಾಯಿ ಅನ್ನುತ್ತದೆ, ಕೋರ್ಟು ಕಾಯುವುದಿಲ್ಲ. ಮೋಸದಿಂದ ಆದ ಪತ್ರ ರದ್ದು ಮಾಡಿಸಲು, ಆ ಮೋಸ ನಿನಗೆ ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕು. ನಮ್ಮ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅಪ್ಪ, ಅವ್ವ ಉಯಿಲು ಬರೆಯದೆ ಹೋಗಿದ್ದರೆ ಅದರಲ್ಲಿ ಮಗ, ಮಗಳು ಅಂತ ಭೇದ ಇಲ್ಲ, ಇಬ್ಬರಿಗೂ ಸಮ ಪಾಲು. ಮದುವೆ ಖರ್ಚಿನ ಮಾತು ಅಲ್ಲಿ ನಡೆಯುವುದಿಲ್ಲ.

ಗದಗಿನ ತಂಗಿ

ಅಣ್ಣಾ, ನಿಮ್ಮ ಉತ್ತರ ಡ್ಯೂಟಿ ರೂಮಿನಲ್ಲಿ ಕೂತು ಓದಿದೆ. ಅತ್ತುಬಿಟ್ಟೆ. ನಕಲು ಮನೆಯಲ್ಲೇ ಇದೆ, ಇವತ್ತು ರಾತ್ರಿ ನೀವು ಹೇಳಿದ ಹಾಗೆ ಮಾಡುತ್ತೇನೆ.

ಎರಡು ಮಾತು ಕೇಳಬೇಕು. ಸಿಟ್ಟು ಬಂದದ್ದೇ ಪಾಪವಾ? ಈ ಉರಿ ಇಟ್ಟುಕೊಂಡು ಕರ್ತನ ಭೋಜನಕ್ಕೆ (ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸದ ಪಾತ್ರೆಗೆ) ಕೈ ಚಾಚಬಾರದೆಂದು ಈಸ್ಟರಿನಿಂದ ದೂರ ಇದ್ದೇನೆ. ಇನ್ನೊಂದು, ವಕೀಲರಿಗೆ ಕೊಡುವಷ್ಟು ದುಡ್ಡು ನನ್ನ ಹತ್ತಿರ ಇಲ್ಲ, ಮಗನ ಫೀಸು ಕಟ್ಟಿ ಕೈ ಖಾಲಿ.

ಧಾರವಾಡದ ಪತ್ರ ಬರಹಗಾರ

ಪಾಪವಲ್ಲ ತಂಗಿ. ಮಾರ್ಕ 3:5ರಲ್ಲಿ ಕರ್ತನೇ ಸಿಟ್ಟಿನಿಂದ ಸುತ್ತ ನೋಡಿದನೆಂದು ಬರೆದಿದೆ, ಅವರ ಮನಸ್ಸು ಕಲ್ಲಾದದ್ದಕ್ಕೆ ದುಃಖಪಟ್ಟನೆಂದೂ ಬರೆದಿದೆ. ಕೋಪ ಬಂದರೂ ಪಾಪ ಮಾಡಬೇಡಿರಿ ಎಂದೇ ಎಫೆಸ 4:26 ಶುರುವಾಗುತ್ತದೆ. ಕರ್ತನ ಭೋಜನಕ್ಕೆ ಹೋಗು. ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಅಂತಿದೆ 1 ಕೊರಿಂಥ 11:28ರಲ್ಲಿ, ಪರೀಕ್ಷಿಸಿಕೊಂಡು ಮನೆಗೆ ಹೋಗಲಿ ಅಂತಿಲ್ಲ. ಉರಿ ಇರುವವಳಿಗೇ ಆ ಪಾತ್ರೆ ಹೆಚ್ಚು ಬೇಕು.

ದುಡ್ಡಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೆಂದು ಲೆಕ್ಕ ಕೇಳುವುದಿಲ್ಲ. ನಿಮ್ಮ ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಆಫೀಸು ಇರುತ್ತದೆ, ವಿಚಾರಿಸು. ದಾವೆಗೆ ಮೊದಲೇ ಅಣ್ಣನನ್ನು ಕರೆಸಿ ರಾಜಿ ಮಾತಾಡಿಸಿ ಅಂತಲೂ ಅಲ್ಲಿ ಕೇಳಬಹುದು. ಲೋಕ ಅದಾಲತ್ತಿನಲ್ಲಿ ಒಪ್ಪಂದವಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲೆ ಅಪೀಲು ಇಲ್ಲ. ಅಣ್ಣ ತಂಗಿ ಒಂದೇ ಮೇಜಿಗೆ ಕೂತು ಮುಗಿಸುವ ದಾರಿ ಅದು, ನಾನಾದರೆ ಅದನ್ನೇ ಮೊದಲು ಹಿಡಿಯುತ್ತೇನೆ.

ಹೋಗುವಾಗ ಮಾರ್ಚಿನಲ್ಲಿ ತೆಗೆಸಿದ ಇಸಿ, ಖುಲಾಸೆ ಪತ್ರದ ದೃಢೀಕೃತ ನಕಲು, ಅಪ್ಪ ಅವ್ವನ ಮರಣ ಪ್ರಮಾಣಪತ್ರ, ಹೊಲದ ಉತಾರ ತಗೊಂಡು ಹೋಗು. ಸಹಿ ಹಾಕಿದ ದಿನದ ಡ್ಯೂಟಿ ರಿಜಿಸ್ಟರಿನ ನಕಲು ಸಿಕ್ಕರೆ ಅದನ್ನೂ ಇಟ್ಟುಕೋ, ರಾತ್ರಿಯಿಡೀ ನಿದ್ದೆಗೆಟ್ಟು ಬಂದಿದ್ದೆ ಅನ್ನುವುದಕ್ಕೆ ಆಧಾರವಾದೀತು. ಪತ್ರಕ್ಕೆ ಸಾಕ್ಷಿ ಹಾಕಿದವರ ಹೆಸರು ಕೊನೆಯ ಪುಟದಲ್ಲಿ ಇರುತ್ತದೆ, ನೋಡಿಕೋ. ನಮ್ಮ ಬುಧವಾರದ ಪ್ರಾರ್ಥನೆಯಲ್ಲಿ ನಿನ್ನನ್ನೂ ನಿನ್ನಣ್ಣನನ್ನೂ ನೆನೆಯುತ್ತೇವೆ.